ಶಾನನ್‌ನಿಂದ ಡೊನೆಗಾಲ್‌ಗೆ ಐವತ್ತು ನಿಮಿಷ

ಕಳೆದ ಮಾರ್ಚ್‌ನ ಮೊದಲ ಬುಧವಾರ ಸಂಜೆ ಆರು ಗಂಟೆಗೆ ಐರ್ಲೆಂಡಿನ ಲಿಮೆರಿಕ್‌ನ ಡೇ ಕೇರ್ ಬಾಗಿಲು ಹಾಕಿತು. ಒಳಗೆ ಉಳಿದಿದ್ದ ಒಂದೇ ಮಗು ನನ್ನದು. ನಾನು ಇನ್ನೂ ನಲವತ್ತು ನಿಮಿಷ ದೂರದಲ್ಲಿ, ಡೊನೆಗಾಲ್‌ನಿಂದ ಬರುವ ರಸ್ತೆಯಲ್ಲಿದ್ದೆ.

ಲಿಮೆರಿಕ್ ಪಕ್ಕದ ಶಾನನ್‌ನಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ನಮ್ಮ ಕಂಪನಿ ಆ ತಿಂಗಳಿಂದ ನನ್ನನ್ನು ಪ್ರತಿ ಬುಧವಾರ ಡೊನೆಗಾಲ್ ಘಟಕಕ್ಕೆ ಹಾಕಿತ್ತು. ಅದರ ಒಪ್ಪಿಗೆಯ ಫಾರ್ಮ್‌ನಲ್ಲಿ ‘ಪ್ರಯಾಣದ ಅವಧಿ: 50 ನಿಮಿಷ’ ಎಂದಿತ್ತು. ಯಾರೋ ಒಂದು ವೆಬ್‌ಸೈಟಿನಲ್ಲಿ ಶಾನನ್ ಮತ್ತು ಡೊನೆಗಾಲ್ ವಿಮಾನ ನಿಲ್ದಾಣಗಳ ಹೆಸರು ಹಾಕಿ, ಬಂದ ಉತ್ತರವನ್ನು ಹಾಗೆಯೇ ಇಳಿಸಿದ್ದರು. ನೇರ ಗೆರೆ ಎಳೆದರೆ ಸುಮಾರು ಇನ್ನೂರ ಅರವತ್ತು ಕಿಲೋಮೀಟರು. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲ. ಕಾರಿನಲ್ಲಿ ನಾಲ್ಕು ಗಂಟೆ ನಲವತ್ತು ನಿಮಿಷ.

ಸಹಿ ಹಾಕಿದ್ದು ನಾನೇ. ಮಂಗಳೂರಿನಲ್ಲಿ ನಿಲ್ದಾಣವಿದೆ, ಬೆಂಗಳೂರಿನಲ್ಲಿ ನಿಲ್ದಾಣವಿದೆ, ನಡುವೆ ವಿಮಾನವಿದೆ. ಇಲ್ಲೂ ಹಾಗೆಯೇ ಎಂದುಕೊಂಡೆ. ಆ ತಪ್ಪು ನನ್ನದು.

ಬುಧವಾರ ನನ್ನ ಗಂಡನಿಗೆ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿ. ಮಗಳನ್ನು ಕರೆತರಬೇಕಾದವಳು ನಾನೇ. ಮೂರು ಸಲ ತಡವಾದರೆ ಮಗುವಿನ ಜಾಗ ಬೇರೆಯವರಿಗೆ ಹೋಗುತ್ತದೆ ಎಂಬುದು ಡೇ ಕೇರ್‌ನ ನಿಯಮ. ಎರಡನೆಯ ಬುಧವಾರವೂ ತಡವಾಯಿತು. ಮಗಳು ಜಾಕೆಟ್ ಹಾಕಿಕೊಂಡು, ಬೆನ್ನಿಗೆ ಬ್ಯಾಗು ಸಿಕ್ಕಿಸಿಕೊಂಡು ಕಿಟಕಿಯ ಬಳಿ ನಿಂತಿದ್ದಳು. ಅವಳಿಗೆ ಎರಡೂವರೆ ವರ್ಷ.

ಮರುದಿನ, ಹೊರಟ ಮತ್ತು ತಲುಪಿದ ಸಮಯಗಳನ್ನು ಬರೆದ ಹಾಳೆ ಹಿಡಿದು ಟೀಮ್ ಲೀಡ್ ಹತ್ತಿರ ಹೋದೆ. ಮೈಸೂರಿನವರು, ಇಲ್ಲಿನ ಕನ್ನಡದವರಿಗೆಲ್ಲ ಅಣ್ಣ.

"ಅಣ್ಣ, ಬುಧವಾರ ಒಂದು ಗಂಟೆಗೆ ಬಿಡಿ, ಸಾಕು. ಆರರೊಳಗೆ ಬಂದ್ಬಿಡ್ತೀನಿ."

"ಐವತ್ತು ನಿಮಿಷದ ದಾರಿಗೆ ಎರಡಕ್ಕೇ ಬಿಡ್ತಿದೀವಲ್ಲಮ್ಮ. ಇನ್ನೆಷ್ಟು ಬೇಕು?"

"ಯಾವ ಫ್ಲೈಟು ಅಂತ ಹೇಳಿ, ಹತ್ಕೊಂಡು ಬರ್ತೀನಿ."

"ಸೈನ್ ಮಾಡಿದ್ದು ನೀನೇ ಅಲ್ವಾ? ಸಿಸ್ಟಮ್‌ನಲ್ಲಿ ಹಂಗೈತೆ, ನಾನೇನ್ ಮಾಡ್ಲಿ. ಸ್ವಲ್ಪ ಜೋರಾಗಿ ಓಡ್ಸು, ಗ್ರ್ಯಾಂಡ್ ಆಗತ್ತೆ, ಎಲ್ಲಾ ಸರಿಹೋಗತ್ತೆ."

"ಮುಂದಿನ ವಾರ ನೀವೇ ಬಂದು ಓಡ್ಸಿ ತೋರ್ಸಿ."

"ನಂಗೆ ಅಷ್ಟು ದೂರ ಡ್ರೈವ್ ಮಾಡೋಕಾಗಲ್ಲಮ್ಮ. ಬೆನ್ನುನೋವು."

ಐವತ್ತು ನಿಮಿಷಕ್ಕೆ ನೋಯುವ ಆ ಬೆನ್ನಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಾಳೆಯನ್ನು ಅವರು ಓದಲಿಲ್ಲ. ಅದರ ಮೇಲೆ ಟೀ ಮಗ್ ಇಟ್ಟರು.

ಮೂರನೆಯ ಬುಧವಾರವೂ ಎರಡು ಗಂಟೆಗೆ ಹೊರಟೆ. ದಾರಿಯಲ್ಲಿ ಸ್ಲೈಗೋ ಊರು ದಾಟಿದ ಮೇಲೆ ಒಂದು ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡೆ. ಡೇ ಕೇರ್ ತಲುಪಿದಾಗ ಆರು ಐವತ್ತೆರಡು. ಅಲ್ಲಿನ ಮೇಲ್ವಿಚಾರಕಿ ಬೈಯಲಿಲ್ಲ. ಮಗುವಿನ ಜಾಗ ಹೋಯಿತು ಎಂಬ ಕಾಗದ ಕೊಟ್ಟು, ನಿಯಮ ಎಲ್ಲರಿಗೂ ಒಂದೇ ಎಂದರು. ಕಾರಿನಲ್ಲಿ ಮಗಳು, ಅಮ್ಮನನ್ನು ಕರೆಯುವ ಇಲ್ಲಿನ ಮಕ್ಕಳಂತೆ, "ಮ್ಯಾಮಿ ಲೇಟ್" ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ.

ಏಪ್ರಿಲ್‌ನಿಂದ ಅವಳ ಜಾಗದಲ್ಲಿ ಇನ್ನೊಂದು ಮಗು ಇದೆ. ನಾನು ಸಂಬಳವಿಲ್ಲದ ರಜೆಯ ಮೇಲೆ ಮನೆಯಲ್ಲಿದ್ದೇನೆ. ಬುಧವಾರದ ಕೆಲಸವನ್ನು ಬೇರೊಬ್ಬರಿಗೆ ವಹಿಸಿದ್ದಾರೆ. ಅವರ ಫಾರ್ಮ್‌ನಲ್ಲೂ ಐವತ್ತು ನಿಮಿಷ ಎಂದೇ ಇದೆ. ಡೇ ಕೇರ್‌ನ ಕಾಯುವವರ ಪಟ್ಟಿಯಲ್ಲಿ ನನ್ನ ಮಗಳು ಹತ್ತೊಂಬತ್ತನೆಯವಳು.