ಸಾಲುರಾಯರ ಜೇಬಿನ ಪುಸ್ತಕ

ಆಸ್ಪತ್ರೆಯ ಮಾಹಿತಿ ವಿಭಾಗದಲ್ಲಿ ಕಂಪ್ಯೂಟರಿನ ಕೋಷ್ಟಕಗಳನ್ನು ಕಟ್ಟುವ ಹಿರಿಯರಿಗೆ ಎಲ್ಲರೂ ಇಟ್ಟ ಹೆಸರು ಸಾಲುರಾಯರು. ಯಾರು ಯಾವ ವರದಿ ಕೇಳಿಕೊಂಡು ಬಂದರೂ ಕನ್ನಡಕವನ್ನು ಹಣೆಗೇರಿಸಿ, "ಮೊದ್ಲು ಒಂದು ಸಾಲು ಅಂದ್ರೆ ಏನು ಹೇಳಿ. ಒಬ್ಬ ರೋಗಿನಾ, ಒಂದು ಮಾತ್ರೆನಾ?" ಎನ್ನುವರು, ಉತ್ತರ ಬರುವ ತನಕ ಕೀಲಿಮಣೆ ಮುಟ್ಟಿದವರಲ್ಲ. ಮಾತ್ರೆಗೊಂದು ಸಾಲಿದ್ದ ಕೋಷ್ಟಕದಲ್ಲಿ ಸಾಲುಗಳನ್ನೇ ರೋಗಿಗಳೆಂದು ಎಣಿಸಿ, ಇಪ್ಪತ್ತು ಹಾಸಿಗೆಯ ವಾರ್ಡಿಗೆ ತೊಂಬತ್ತು ರೋಗಿಗಳನ್ನು ತುಂಬಿದ್ದ ಮಹಾನುಭಾವನನ್ನು ಅವರು ಇನ್ನೂ ಕ್ಷಮಿಸಿಲ್ಲ. ಮನೆಯಲ್ಲಿ ಹೆಂಡತಿ "ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ರೇಗಿದರೆ, "ಮಾತಿಗೊಂದು ಸಾಲಾ, ಜಗಳಕ್ಕೊಂದಾ?" ಎಂದು ಕೇಳಿ ಇನ್ನಷ್ಟು ಬೈಸಿಕೊಳ್ಳುವರು. ಮುಂದೆ ಅಳತೆಯ ಅಂಕಿಯಿಲ್ಲದ ಸಾಲು ಕಂಡರಂತೂ ಮೈಯೆಲ್ಲ ಉರಿ: "ಎಷ್ಟು ಅಂತ ಇಲ್ದಿದ್ರೆ ಅದ್ಯಾಕ್ರೀ ಬೇಕು?" ಇವತ್ತು ಬೆಳಿಗ್ಗೆ ಅವರ ಜೇಬಿನಿಂದ ಪುಟ್ಟ ಪುಸ್ತಕವೊಂದು ಜಾರಿ ಬಿತ್ತು. ವರದಿಗೆಂದು ಬಂದಿದ್ದ ನರ್ಸಮ್ಮ ಎತ್ತಿ ನೋಡಿದರೆ, ಸಾಲುಸಾಲಾಗಿ ಹನ್ನೊಂದು ತಾರೀಖುಗಳು, ಮುಂದೆ ಬರೀ ಖಾಲಿ. ಸಿಕ್ಕಿದ್ದೇ ಸಮಯವೆಂದು ಆಕೆ, "ಅಳತೆ ಎಲ್ಲಿ ಸಾರ್? ಇಲ್ಲಿ ಒಂದು ಸಾಲು ಅಂದ್ರೆ ಏನು?" ಎಂದು ಕೆಣಕಿದಳು. ರಾಯರು ಕನ್ನಡಕ ಇಳಿಸಿ ಒರೆಸಿಕೊಂಡರು. "ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ ನಮ್ಮನೆಯವಳು ಎದ್ದು ನಡೆದ ದಿನ ಕಣಮ್ಮ. ಎಷ್ಟು ಹೆಜ್ಜೆ ಅಂತ ನಾನು ಎಣಿಸ್ಲಿಲ್ಲ. ಇವತ್ತು ಬಾಗಿಲ ತನಕ ಬಂದು, ಬೈದು ಕಳಿಸಿದ್ಲು."