ಐಸಕ್ಕನ ಕೈಚೀಲ

ಶಾಲೆಯ ನರ್ಸಿಗೆ ಮಕ್ಕಳು ಇಟ್ಟ ಹೆಸರು ಐಸಕ್ಕ. ಮಂಡಿ ಊದಿದರೆ ಐಸು, ತಲೆ ಸಿಡಿದರೆ ಐಸು, ಹಲ್ಲುನೋವೆಂದರೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಆಮೇಲೆ ಐಸು. ಪಾಪ, ಅವಳಾದರೂ ಏನು ಮಾಡಿಯಾಳು? ಹೆತ್ತವರು ಖುದ್ದಾಗಿ ಬಂದು ತಮ್ಮ ಕೈಯಾರೆ ಕೊಡದ ಹೊರತು ಒಂದು ಮಾತ್ರೆಯೂ ಮಗುವಿನ ಬಾಯಿಗೆ ಹೋಗಕೂಡದೆಂದು ಹೆಡ್‌ಮಾಸ್ಟರರ ಕಟ್ಟಪ್ಪಣೆ. ಫೋನಿನಲ್ಲಿ 'ಕೊಡಿ' ಎಂದರೂ ನಡೆಯದು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇಂಜೆಕ್ಷನ್ ಕೊಟ್ಟ ಕೈ ಈಗ ಐಸಿನ ಚೀಲ ಹಿಡಿದು ಮರಗಟ್ಟಿತ್ತು.

ಆ ದಿನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದಳು. ಮುಟ್ಟಿನ ನೋವು. ಬಿಸಿನೀರಿನ ಚೀಲ ಇಟ್ಟದ್ದಾಯಿತು, ಸೊಂಟ ನೀವಿದ್ದಾಯಿತು. ಹುಡುಗಿ ಮಂಚದ ಮೇಲೆ ಮುದುಡಿ, ತುಟಿ ಕಚ್ಚಿ, ಕೊನೆಗೆ ವಾಂತಿ ಮಾಡಿಕೊಂಡಳು.

"ಅಮ್ಮಂಗೆ ಫೋನ್ ಮಾಡ್ತೀನಿ ಕಣಮ್ಮ."

"ಬೇಡ ಸಿಸ್ಟರ್, ನಿಮ್ಮ ದಮ್ಮಯ್ಯ! ಇನ್ನೊಂದ್ಸಲ ಮಧ್ಯದಲ್ಲಿ ಎದ್ದು ಹೋದ್ರೆ ಕೆಲಸಕ್ಕೆ ಬರಲೇಬೇಡ ಅಂದಿದಾರಂತೆ ಸೂಪರ್‌ವೈಸರ್. ನಾನು ತಡ್ಕೋತೀನಿ."

ತಡೆದುಕೊಳ್ಳುವ ಮುಖವೇ ಅದು? ಐಸಕ್ಕ ತನ್ನ ನೋವಿಗೆಂದು ಇಟ್ಟುಕೊಂಡ ಮಾತ್ರೆಯ ಸ್ಟ್ರಿಪ್ ಕೈಚೀಲದಲ್ಲೇ ಇತ್ತು. ಒಂದು ಕೊಟ್ಟರೆ ಸಾಕು, ಹುಡುಗಿ ಎದ್ದು ಕೂರುತ್ತಾಳೆ. ಗೊತ್ತಾದರೆ ತನ್ನ ಕೆಲಸ ಹೋಗುತ್ತದೆ; ಮಗುವಿಗೆ ಒಗ್ಗದೆ ಮೈ ಊದಿಕೊಂಡರಂತೂ ಹೇಳುವುದೇ ಬೇಡ. ಚೀಲದೊಳಗೆ ಕೈ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಹಾಳಾದ ಹೆದರಿಕೆ! ಕೊನೆಗೆ ಹೊರಬಂದದ್ದು ಫೋನು.

ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಓಡೋಡಿ ಬಂದಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ದಾರಿಯ ಅಂಗಡಿಯಲ್ಲಿ ಕೊಂಡ ಮಾತ್ರೆಯನ್ನು ಮಗಳಿಗೆ ನುಂಗಿಸಿ, ಮಂಚದ ಅಂಚಿನಲ್ಲಿ ಕುಸಿದು ಕೂತಳು.

"ಅಲ್ಲೇನಂದ್ರಮ್ಮ?" ಎಂದಳು ಐಸಕ್ಕ, ಮೆಲ್ಲಗೆ.

"ಇನ್ನೇನಂತಾರೆ ಸಿಸ್ಟರ್, ನಾಳೆಯಿಂದ ಬರ್ಬೇಡ ಅಂದ್ರು."

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು. ತಾಯಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಐಸಕ್ಕ ಗಡಿಬಿಡಿಯಲ್ಲಿ ಕೈಚೀಲದಿಂದ ಕರವಸ್ತ್ರ ಎಳೆದಳು. ಅದರ ಜೊತೆಗೆ ಸ್ಟ್ರಿಪ್ ಕೂಡ ನೆಲಕ್ಕೆ ಬಿತ್ತು. ತಾಯಿ ಅದನ್ನು ಎತ್ತಿಕೊಂಡು, ತಾನು ತಂದದ್ದರ ಪಕ್ಕ ಹಿಡಿದು ನೋಡಿದಳು. ಎರಡೂ ಒಂದೇ ಮಾತ್ರೆ.

"ಇದು ನಿಮ್ಮ ಹತ್ರಾನೇ ಇತ್ತಾ?"

ತಾಯಿ ಸ್ಟ್ರಿಪ್ಪನ್ನು ಐಸಕ್ಕನ ಅಂಗೈಯಲ್ಲಿಟ್ಟು, ಮಗಳನ್ನು ಎಬ್ಬಿಸಿ, ಸ್ಕೂಲ್ ಬ್ಯಾಗನ್ನು ತನ್ನ ಹೆಗಲಿಗೇರಿಸಿಕೊಂಡು ಹೊರಟಳು. ಹಿಂತಿರುಗಿ ನೋಡಲಿಲ್ಲ.