ಟೇಪಕ್ಕನ ಗೊಂಬೆ

ನಮ್ಮಕ್ಕನ ಕೊರಳಲ್ಲಿ ಸರವಿಲ್ಲ, ಅಳತೆ ಟೇಪಿದೆ. ಊಟಕ್ಕೆ ಕೂತರೂ ತೆಗೆಯುವುದಿಲ್ಲ. ಹಾಗಾಗಿ ಬೀದಿಗೆಲ್ಲ ಅವಳು ಟೇಪಕ್ಕ. ಅವಳ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವವನು, ಇಸ್ತ್ರಿ ಮಾಡುವವನು, ಬೈಸಿಕೊಳ್ಳುವವನು ಎಲ್ಲ ಅವಳ ತಮ್ಮನಾದ ನಾನೇ.

ಯೂನಿಫಾರ್ಮಿಗೆ ಅಳತೆ ತೆಗೆಯುವಾಗ ಅಕ್ಕ ಮೊದಲು ಮಗುವನ್ನು ಕೇಳುತ್ತಾಳೆ, "ಮುಟ್ಲಾ ಪುಟ್ಟಾ?" ಬೇಡವೆಂದರೆ ಟೇಪನ್ನು ಅದರ ಕೈಗೇ ಕೊಟ್ಟು ಅಳೆಸುತ್ತಾಳೆ. ಅಂಥ ಅಂಗಿಗಳ ತೋಳು ಒಂದು ಉದ್ದ, ಒಂದು ಗಿಡ್ಡ. ಗಿರಾಕಿಗಳ ಬೈಗುಳ ನನ್ನ ಪಾಲಿಗೆ.

ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಬಗ್ಗೆ ತಿಳಿವಳಿಕೆ ಹೇಳುವ ಸ್ವಯಂಸೇವಕರ ಜೊತೆ ಅವಳು ಸೇರಿಕೊಂಡಾಗ, "ಇಲ್ಲದ ಉಸಾಬರಿ ನಿನಗ್ಯಾಕೆ?" ಅಂದೆ.

"ಕುರ್ಚಿ ಹೊರೋಕೆ ನೀನಿದ್ದೀಯಲ್ಲ," ಅಂದಳು. ಹೊತ್ತೆ.

ನಮ್ಮ ಬೀದಿಯ ಸಭೆಗೆ ಟ್ಯೂಷನ್ ಮೇಷ್ಟ್ರು ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಎಂಥ ಸಭ್ಯರು ಎಂದುಕೊಂಡೆ. ಅಕ್ಕ ತಾನೇ ಹೊಲಿದ ಬಟ್ಟೆಗೊಂಬೆಯನ್ನು ಎತ್ತಿ ಹಿಡಿದು, ಬಟ್ಟೆ ಮುಚ್ಚುವ ಜಾಗಗಳನ್ನು ತೋರಿಸಿ, "ಯಾರಾದ್ರೂ ಇಲ್ಲೆಲ್ಲ ಮುಟ್ಟಿದ್ರೆ ಬೇಡ ಅನ್ನಿ, ಅಲ್ಲಿಂದ ಓಡಿ, ನಂಬಿಕೆ ಇರೋ ದೊಡ್ಡೋರಿಗೆ ಹೇಳಿ," ಅಂದಳು.

ಹಿಂದಿನ ಸಾಲಿನಿಂದ ಪೇಪರ್ ಹಾಕುವವನ ಮಗಳು ಎದ್ದಳು. "ಅದಕ್ಕೆ ಬಾಯೇ ಇಲ್ವಲ್ಲ. ಹೆಂಗೆ ಹೇಳುತ್ತೆ?"

ನಿಜವೇ. ಅಂಗಿಗೆ ಕಾಲರಿತ್ತು, ಜೇಬಿತ್ತು, ಗುಂಡಿಯಿತ್ತು, ಮುಖದಲ್ಲಿ ಬಾಯಿರಲಿಲ್ಲ. ಹೊಲಿಗೆ ಕಲಿತಾಗಿನಿಂದ ತಲೆಯಿಲ್ಲದ ಡಮ್ಮಿಗೇ ಬಟ್ಟೆ ತೊಡಿಸಿದವಳು ಅಕ್ಕ. ತಲೆ ಇಟ್ಟಿದ್ದೇ ಹೆಚ್ಚು. ಎಲ್ಲರೂ ನಕ್ಕರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು. ಆ ಹುಡುಗಿ ನಗಲಿಲ್ಲ.

ಮರುದಿನ ಅವಳು ಒಬ್ಬಳೇ ಅಂಗಡಿಗೆ ಬಂದಳು. "ಬಾಯಿ ಹೊಲಿದ್ರಾ?"

ಅಕ್ಕ ಅರ್ಜೆಂಟ್ ಬ್ಲೌಸನ್ನು ಪಕ್ಕಕ್ಕಿಟ್ಟು ಕೆಂಪು ದಾರ ಪೋಣಿಸಿದಳು.

"ಇನ್ನೂ ದೊಡ್ಡದಾಗಿ," ಅಂದಳು ಹುಡುಗಿ. ಅಕ್ಕ ಕಿವಿಯಿಂದ ಕಿವಿಗೆ ಹೊಲಿದಳು. ಹುಡುಗಿ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರು ಏನು ಮಾಡುತ್ತಾರೆಂದು ಹೇಳಿದಳು. ನನ್ನ ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಸೀದುಹೋಯಿತು.

ಅಕ್ಕ ಮಾತ್ರ, "ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ನಿಂದೇನೂ ತಪ್ಪಿಲ್ಲ," ಅಂದಳು. ನನ್ನ ಕಡೆ ತಿರುಗಿ, "ಶಟರ್ ಎಳಿ," ಅಂದಳು.

ಅವರ ಮನೆಗೆ ಹೋಗಿ ವಿಷಯ ತಿಳಿಸಿದಾಗ ಹುಡುಗಿಯ ತಾಯಿ ಬಾಗಿಲಲ್ಲೇ ಕುಸಿದು ಕೂತಳು. "ಅಂಥಾ ದೊಡ್ಡ ಮನುಷ್ಯರ ಮೇಲೆ ಹೇಳಿದ್ರೆ ಯಾರು ನಂಬ್ತಾರಕ್ಕಾ? ನಮ್ಮ ಹೆಸರೇ ಕೆಡುತ್ತೆ."

"ನಾನು ನಂಬಿದೀನಿ. ಕೆಡೋದು ಅವನ ಹೆಸರು. ಈಗ ನೀನು ನಂಬದೇ ಹೋದ್ರೆ ಮಗು ಇನ್ನೊಂದ್ಸಲ ಬಾಯಿ ಬಿಡಲ್ಲ."

ತಾಯಿ ಬಹಳ ಹೊತ್ತು ಅತ್ತಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮಗಳ ಕೈ ಹಿಡಿದಳು. ಎಲ್ಲರೂ ಪೊಲೀಸ್ ಠಾಣೆಗೆ ನಡೆದೆವು. ಮೇಷ್ಟ್ರನ್ನು ಕರೆದೊಯ್ದ ಮೇಲೆ ಇನ್ನೂ ಕೆಲವು ಮಕ್ಕಳು ಹೇಳಿದವು.

ಗೊಂಬೆಯನ್ನು ಆ ಹುಡುಗಿ ವಾಪಸು ಕೊಡಲಿಲ್ಲ. ಅಕ್ಕನೂ ಕೇಳಲಿಲ್ಲ. ಮುಂದಿನ ಬೀದಿಯ ಸಭೆಗೆ ಇನ್ನೊಂದು ಹೊಲಿಯುತ್ತಿದ್ದಾಳೆ. ಕೈಕಾಲು ಇನ್ನೂ ಬಂದಿಲ್ಲ, ಬಾಯಿ ಆಗಿದೆ.